ಬಾನೆಟ್ ಎತ್ತಿದ ಭಾನುವಾರ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ತಿರುವುಗಳಲ್ಲಿ ಅರ್ಧ ಮುಗಿದಿತ್ತು. ತುಳುನಾಡಿನ ಮಳೆಗಾಲದ ಆಟಿ ತಿಂಗಳ ಸಂಜೆ. ಮಳೆ ಬಿಟ್ಟಿದ್ದರೂ ಮಂಜು ದಾರಿಯನ್ನು ನುಂಗಿತ್ತು. ಫಾಗ್ ಲ್ಯಾಂಪ್ ಹಾಕಿ ಹತ್ತು ನಿಮಿಷವಾಗಿರಬಹುದು, ಮೂಗಿಗೊಂದು ವಾಸನೆ ಬಡಿಯಿತು. ಘಾಟಿಯಲ್ಲಿ ಬ್ರೇಕ್ ಕಾದ ವಾಸನೆ ನನಗೆ ಗೊತ್ತು, ಇದು ಅದಲ್ಲ. ಪ್ಲಾಸ್ಟಿಕ್ ಕರಗುವಾಗ ಗಂಟಲಿಗೆ ಹಿಡಿಯುತ್ತದಲ್ಲ, ಆ ವಾಸನೆ. ಡ್ಯಾಶ್‌ಬೋರ್ಡಿನ ಅಡಿಯಿಂದ ಬಿಳಿ ಹೊಗೆಯ ಎಳೆಯೊಂದು ಏಳುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಯಲ್ಲಿದ್ದಳು.

ಜೀಪನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದೆ. ಫಾಗ್ ಲ್ಯಾಂಪಿನ ಸ್ವಿಚ್ ಆರಿಸಿದೆ. ಹೊಗೆ ನಿಲ್ಲಲಿಲ್ಲ. ಮಗಳನ್ನು ಎಬ್ಬಿಸಿ ಕೆಳಗಿಳಿಸಿ, ಬಾನೆಟ್ ಎತ್ತಿ, ಬ್ಯಾಟರಿಯ ಕ್ಲಾಂಪನ್ನು ಕಿತ್ತೆ. ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ತಿರುಗಿಸಬಹುದಾದ ನಟ್ಟನ್ನು ಅಪ್ಪ ಯಾವುದೋ ಕಾಲದಲ್ಲಿ ಅದಕ್ಕೆ ಹಾಕಿಸಿದ್ದರು. ಅಂದು ನಮ್ಮನ್ನು ಕಾಪಾಡಿದ್ದು ಆ ನಟ್ಟು. ಹೊಗೆ ನಿಂತ ಮೇಲೆ ಫಾಗ್ ಲ್ಯಾಂಪಿನ ವಯರನ್ನು ಬ್ಯಾಟರಿಯ ಬುಡದಲ್ಲೇ ಕತ್ತರಿಸಿದೆ. ಕ್ಲಾಂಪನ್ನು ಮತ್ತೆ ಬಿಗಿದು, ಹೆಡ್‌ಲೈಟಿನ ಬೆಳಕಿನಲ್ಲಿ ಮೆಲ್ಲಗೆ ಉಡುಪಿಗೆ ಬಂದೆವು. ಹೆಬ್ರಿ ದಾಟುವವರೆಗೂ ಮಗಳು ಮೂಗರಳಿಸಿ ಗಾಳಿಯನ್ನು ಪರೀಕ್ಷಿಸುತ್ತಲೇ ಇದ್ದಳು.

ಆ ಜೀಪು ಅಪ್ಪನ ಕಾಲದ ಮಹೀಂದ್ರಾ. ಹೆಬ್ರಿಯಾಚೆಗಿನ ನಮ್ಮ ತೋಟದ ದಾರಿಯಲ್ಲಿ ಮಳೆಗಾಲದಲ್ಲಿ ಬೇರೆ ಯಾವ ವಾಹನವೂ ಹತ್ತುವುದಿಲ್ಲ. ಅಪ್ಪ ಹೋದ ಮೇಲೆ ಅದಕ್ಕೆ ಒಂದೊಂದಾಗಿ ಏನೇನೋ ಸೇರಿಸುತ್ತಾ ಬಂದೆ: ಎರಡು ಫಾಗ್ ಲ್ಯಾಂಪ್, ಹಿಂಬದಿಗೆ ಲೋಡಿಂಗ್ ದೀಪ, ಜೋಡಿ ಹಾರ್ನ್, ಚಕ್ರಕ್ಕೆ ಗಾಳಿ ತುಂಬುವ ಪುಟ್ಟ ಕಂಪ್ರೆಸರ್. ಎಲ್ಲವನ್ನೂ ಒಂದು ಅಂಗಡಿಯಲ್ಲಿ ಹಾಕಿಸಿದ್ದೆ. ದೀಪ ಹೊತ್ತಿತೇ, ಹಾರ್ನ್ ಕೂಗಿತೇ ಎಂದಷ್ಟೇ ನೋಡಿ ಹಣ ಕೊಟ್ಟು ಬಂದಿದ್ದೆ.

ನನ್ನ ಸೋದರಮಾವ ಮಲ್ಪೆಯಲ್ಲಿ ಬೋಟುಗಳ ವಯರಿಂಗ್ ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುವ ಆ ದಿನಗಳಲ್ಲೇ ಅವರಿಗೆ ಕೈತುಂಬ ಕೆಲಸ. ಆದರೂ ಫೋನಿನಲ್ಲಿ ಹೊಗೆ ಎಂಬ ಮಾತು ಕೇಳಿದ್ದೇ, "ಭಾನುವಾರ ಬೆಳಿಗ್ಗೆ ಜೀಪು ತೆಗೆದುಕೊಂಡು ಬಾ. ಅಲ್ಲಿಯವರೆಗೆ ಆ ಸ್ವಿಚ್ಚುಗಳಿಗೆ ಕೈ ಹಾಕಬೇಡ" ಎಂದರು.

ಕಲ್ಮಾಡಿಯ ಅವರ ಮನೆಯಂಗಳದ ಶೀಟಿನ ಚಪ್ಪರದಡಿ ಬಾನೆಟ್ ಎತ್ತಿದೆವು. ಮಾವ ಸುಟ್ಟ ವಯರನ್ನು ಬೆರಳಿನಲ್ಲಿ ಹಿಡಿದು ಬ್ಯಾಟರಿಯಿಂದ ಒಳಕ್ಕೆ ಹಿಂಬಾಲಿಸಿದರು. ಎಂಜಿನ್ ಕೋಣೆಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನಲ್ಲಿ ಡ್ರಿಲ್ ಮಾಡಿದ ತೂತು. ಅಂಚಿಗೆ ರಬ್ಬರ್ ಬಳೆ ಇಲ್ಲ. ಜೀಪಿನ ಕುಲುಕಾಟಕ್ಕೆ ತಗಡಿನ ಅಂಚು ವಯರಿನ ಹೊದಿಕೆಯನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ದು, ಕೊನೆಗೆ ತಾಮ್ರ ತಗಡಿಗೆ ತಾಗಿತ್ತು. ಸ್ವಿಚ್ ಇದ್ದದ್ದು ಅದರಾಚೆ. ಹಾಗಾಗಿಯೇ ಆರಿಸಿದರೂ ಹೊಗೆ ನಿಂತಿರಲಿಲ್ಲ.

"ಫ್ಯೂಸ್ ಎಲ್ಲಿ?" ಎಂದು ಕೇಳಿದರು. ಇರಲಿಲ್ಲ.

"ಸರಿ, ಫ್ಯೂಸ್ ಯಾರನ್ನು ಕಾಯುತ್ತದೆ, ಹೇಳು."

"ದೀಪವನ್ನು."

"ಅಲ್ಲ ಮಾರಾಯ. ದೀಪ ಹೋದರೆ ಹೊಸದು ತರಬಹುದು. ಅದು ಕಾಯುವುದು ವಯರನ್ನು." ಅವರು ಕಪ್ಪಾದ ವಯರನ್ನು ನನ್ನ ಅಂಗೈಯಲ್ಲಿಟ್ಟರು. ಹೊದಿಕೆ ಬೆಲ್ಲದ ಪಾಕದಂತೆ ಕರಗಿ ಗಟ್ಟಿಯಾಗಿತ್ತು. ಸ್ಟಾರ್ಟರನ್ನು ತಿರುಗಿಸಲು ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ, ಈ ಸಪೂರ ವಯರಿನ ಮೂಲಕವೂ ಅಷ್ಟನ್ನೇ ಹರಿಸಲು ಹೊರಟಿತ್ತು. ಫ್ಯೂಸಿನ ಅಳತೆಯನ್ನು ವಯರಿನ ದಪ್ಪ ನೋಡಿ ನಿರ್ಧರಿಸಬೇಕು, ಅದನ್ನು ಬ್ಯಾಟರಿಗೆ ಗೇಣಿನೊಳಗೆ ಇಡಬೇಕು. ದೀಪದ ಹತ್ತಿರ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವಯರಿಗೆ ಕಾವಲೇ ಇಲ್ಲ. ಇಷ್ಟು ವರ್ಷ ಜೀಪು ಓಡಿಸಿದ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಮಗಳನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೆ ಎಂಬುದು ಈಗಲೂ ಎದೆಯಲ್ಲಿ ಚುಚ್ಚುತ್ತದೆ.

ಅಂಗಡಿಯವರು ಹಾಕಿದ್ದನ್ನೆಲ್ಲ ಕಿತ್ತು ಹಾಕಿದೆವು. ಮಾವ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದರು. 55 ವಾಟಿನ ಎರಡು ಫಾಗ್ ಲ್ಯಾಂಪ್ ಸೇರಿ 110 ವಾಟ್. 12 ವೋಲ್ಟಿನಿಂದ ಭಾಗಿಸಿದರೆ 9 ಆಂಪಿಯರಿಗೆ ಸ್ವಲ್ಪ ಹೆಚ್ಚು. ಅದಕ್ಕೆ 2.5 ಚದರ ಮಿ.ಮೀ. ವಯರು, 15 ಆಂಪಿಯರಿನ ನೀಲಿ ಫ್ಯೂಸ್. ಹೀಗೆ ಒಂದೊಂದಕ್ಕೂ ಲೆಕ್ಕ ಹಾಕಿ, ಬ್ಯಾಟರಿಯಿಂದ ಆರು ದಾರಿಯ ಫ್ಯೂಸ್ ಬಾಕ್ಸಿಗೆ 10 ಚದರ ಮಿ.ಮೀ.ನ ದಪ್ಪ ಕೇಬಲ್, ಅದರ ಬುಡದಲ್ಲಿ 50 ಆಂಪಿಯರಿನ ಮುಖ್ಯ ಫ್ಯೂಸ್ ಎಂದು ತೀರ್ಮಾನವಾಯಿತು. ಫ್ಯೂಸುಗಳಿಗೆ ಬಣ್ಣ ಇರುವುದು ಎಷ್ಟು ಒಳ್ಳೆಯದು! ಕೆಂಪು 10, ನೀಲಿ 15, ಹಳದಿ 20, ಹಸಿರು 30. ಮಳೆಯಲ್ಲಿ ಟಾರ್ಚ್ ಹಿಡಿದು ಅಂಕಿ ಓದುವ ಗೋಜಿಲ್ಲ.

ರಿಲೇ ಎಂದರೆ ಏನೋ ದೊಡ್ಡ ವಿದ್ಯೆ ಎಂದುಕೊಂಡಿದ್ದೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಕಪ್ಪು ಡಬ್ಬಿ, ಅಡಿಯಲ್ಲಿ ಐದು ಪಿನ್ನು, ಒಂದೊಂದಕ್ಕೂ ಒಂದು ಸಂಖ್ಯೆ. 85 ಮತ್ತು 86ರ ನಡುವೆ ತಾಮ್ರದ ಸುರುಳಿ. ಸ್ವಿಚ್ ಒತ್ತಿದರೆ ಆ ಸುರುಳಿ ಅಯಸ್ಕಾಂತವಾಗಿ ಒಳಗಿನ ಎಲೆಯನ್ನು ಎಳೆಯುತ್ತದೆ; ಬ್ಯಾಟರಿಯಿಂದ ಬಂದ 30, ದೀಪಕ್ಕೆ ಹೋಗುವ 87ಕ್ಕೆ ಕೂಡಿಕೊಳ್ಳುತ್ತದೆ. ಸುರುಳಿಗೆ ಬೇಕಾಗುವುದು ಒಂದು ಆಂಪಿಯರಿನ ಆರನೇ ಒಂದು ಪಾಲಿನಷ್ಟು. ಹಾಗಾಗಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಸಪೂರ ವಯರು ಸಾಕು. ಮಾವ ಇದನ್ನು ತಮ್ಮ ರೀತಿಯಲ್ಲಿ ಹೇಳಿದರು: "ಸ್ವಿಚ್ಚು ಆಜ್ಞೆ ಮಾತ್ರ ಕೊಡಬೇಕು, ಹೊರೆ ಹೊರಬಾರದು."

ಹೆಚ್ಚು ಹೊತ್ತು ಹಿಡಿದದ್ದು ವಯರುಗಳ ತುದಿ. ಸಮುದ್ರದ ಬದಿಯ ಊರಿನಲ್ಲಿ ತಾಮ್ರಕ್ಕೆ ದೊಡ್ಡ ಶತ್ರು ಉಪ್ಪುಗಾಳಿ. ಹಳೆಯ ವಯರನ್ನು ಒಂದಡಿ ಸುಲಿದರೂ ಒಳಗೆ ಕಿಲುಬು. ಎಳೆಗಳು ಕಪ್ಪಾಗಿ, ಉಜ್ಜಿದರೆ ಹಸಿರು ಪುಡಿ ಉದುರುತ್ತಿತ್ತು. ಅದಕ್ಕೇ ಮಾವ ಬೋಟಿಗೆ ಬಳಸುವ, ಎಳೆ ಎಳೆಗೂ ತವರ ಲೇಪಿಸಿದ ವಯರನ್ನೇ ಕೊಟ್ಟರು. ಬೆಸುಗೆ ಹಾಕೋಣವೇ ಎಂದಾಗ ಬೇಡವೆಂದರು. ಬೆಸುಗೆಯ ತವರ ಎಳೆಗಳೊಳಗೆ ಹರಿದು ವಯರನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ, ಅದು ಮುಗಿಯುವಲ್ಲಿಯೇ ಎಂಜಿನ್ನಿನ ನಡುಕಕ್ಕೆ ಎಳೆಗಳು ತುಂಡಾಗುತ್ತವೆ. ಬೋಟುಗಳಲ್ಲಿ ಅವರು ಅದನ್ನು ಎಷ್ಟೋ ಸಲ ಕಂಡಿದ್ದಾರೆ. ಎಳೆ ಒಂದೂ ಕಡಿಯದಂತೆ ಹೊದಿಕೆ ಸುಲಿ, ತುದಿಗೆ ಹಾಕುವ ಲೋಹದ ಲಗ್ಗಿನೊಳಗೆ ಕೊನೆಯವರೆಗೆ ತೂರಿಸು, ಕ್ರಿಂಪಿಂಗ್ ಇಕ್ಕಳದಿಂದ ಒಂದೇ ಸಲ ಪೂರ್ತಿ ಒತ್ತು, ಆಮೇಲೆ ಮೈಯ ಬಲವೆಲ್ಲ ಹಾಕಿ ಎಳೆ. ನಾನು ಮಾಡಿದ ಮೊದಲ ನಾಲ್ಕರಲ್ಲಿ ಎರಡು ಕೈಗೆ ಬಂದವು. ಮಾವ ಸುಮ್ಮನೆ ಹೊಸ ಲಗ್ ಚಾಚಿದರು. ಐದನೆಯದರಿಂದ ಕೈ ಹಿಡಿತಕ್ಕೆ ಬಂತು. ಪ್ರತಿಯೊಂದರ ಮೇಲೂ ಒಳಮೈಗೆ ಅಂಟು ಸವರಿದ ಶ್ರಿಂಕ್ ಸ್ಲೀವ್ ಎಂಬ ಪ್ಲಾಸ್ಟಿಕ್ ಕೊಳವೆ ಏರಿಸಿ, ಬಿಸಿಗಾಳಿ ಕೊಟ್ಟಾಗ ಅದು ಕುಗ್ಗಿ, ಅಂಚಿನಲ್ಲಿ ಅಂಟಿನ ತೆಳುವಾದ ಉಂಗುರ ಕಾಣಿಸಿಕೊಳ್ಳುತ್ತಿತ್ತು. ಆ ಉಂಗುರ ಕಂಡರೆ ನೀರಿಗೆ ಬಾಗಿಲು ಮುಚ್ಚಿತು ಎಂದರ್ಥ.

ಮಧ್ಯಾಹ್ನ ಅತ್ತೆ ಕರೆದರು. ಆಟಿಯಲ್ಲವೇ, ಕೆಸುವಿನೆಲೆಯ ಪತ್ರೊಡೆ ಮಾಡಿದ್ದರು. ಗ್ರೀಸ್ ಪೂರ್ತಿ ಹೋಗದ ಕೈಯಲ್ಲೇ ಉಂಡೆವು.

ಊಟದ ನಂತರ ಬ್ಯಾಟರಿ ಜೋಡಿಸಿದಾಗ, ಸ್ವಿಚ್ ಮುಟ್ಟುವ ಮೊದಲೇ ಎರಡೂ ಫಾಗ್ ಲ್ಯಾಂಪ್ ಹೊತ್ತಿಕೊಂಡವು. ಸ್ವಿಚ್ ಒತ್ತಿದರೆ ಆರಿದವು. ಮಾವ ಬಾಯಿ ತೆರೆಯಲಿಲ್ಲ, ನಾನೇ ಹುಡುಕಲಿ ಎಂದು ಕಾದರು. ರಿಲೇಯನ್ನು ಕಿತ್ತು ತಿರುಗಿಸಿ ನೋಡಿದೆ. ದೀಪದ ವಯರನ್ನು 87ರ ಬದಲು ನಡುವಿನ 87ಎ ಪಿನ್ನಿಗೆ ಸಿಕ್ಕಿಸಿದ್ದೆ. ಸುರುಳಿಗೆ ವಿದ್ಯುತ್ ಇಲ್ಲದಾಗ 30ಕ್ಕೆ ಕೂಡಿಕೊಂಡಿರುವ ಪಿನ್ನು ಅದು. ಬದಲಿಸಿ ಮತ್ತೆ ಸ್ವಿಚ್ ಒತ್ತಿದೆ. ಬಾನೆಟ್ಟಿನಡಿಯಿಂದ ಟಕ್ ಎಂಬ ಚಿಕ್ಕ ಸದ್ದು, ಹಿಂದೆಯೇ ಚಪ್ಪರದ ಕಂಬದ ಮೇಲೆ ಹಳದಿ ಬೆಳಕು.

ಕತ್ತಲಾಗುವವರೆಗೆ ಉಳಿದ ಕೆಲಸ. ಅರ್ಥಿಂಗಿನ ಬೋಲ್ಟಿನ ಸುತ್ತ ಬಣ್ಣ ಕೆರೆದು, ಬರಿಯ ಕಬ್ಬಿಣಕ್ಕೆ ಲಗ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆವು. ತಗಡಿನ ತೂತಿಗೆ ರಬ್ಬರ್ ಬಳೆ. ರಿಲೇಗಳ ಪಿನ್ನು ಕೆಳಮುಖವಾಗಿ. ಬಾಕ್ಸಿನೊಳಗೆ ಹೋಗುವ ಮೊದಲು ವಯರು ಒಂದು ಗೇಣು ಕೆಳಗಿಳಿದು ಮೇಲೇರಬೇಕು. ಆಗ ವಯರು ಹಿಡಿದು ಬಂದ ಮಳೆನೀರು ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹಂಚಿನ ಮಾಡಿಗೆ ಸೂರು ಇಳಿಸುವ ನಮ್ಮೂರಿನಲ್ಲಿ ಈ ಉಪಾಯವನ್ನು ಯಾರೂ ವಿವರಿಸಬೇಕಾಗಿಲ್ಲ. ಹಿಂಬದಿಯ ಲೋಡಿಂಗ್ ದೀಪವನ್ನು ಕೀಳುವ ಮೊದಲು ಮಾವ ಮಲ್ಟಿಮೀಟರ್ ಇಟ್ಟಿದ್ದರು: ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ದೀಪದ ತುದಿಯಲ್ಲಿ 11.8. ಹೊಸ ವಯರು ಹಾಕಿದ ಮೇಲೆ ದೀಪದಲ್ಲಿ 13.6. ಬಲ್ಬು ಹಳೆಯದೇ, ಬೆಳಕು ಮಾತ್ರ ಬೇರೆಯದೇ ದೀಪದ್ದು. ವೋಲ್ಟೇಜು ಸ್ವಲ್ಪ ಇಳಿದರೂ ಹ್ಯಾಲೊಜನ್ ಬಲ್ಬಿನ ಬೆಳಕು ಅದಕ್ಕಿಂತ ಎಷ್ಟೋ ಹೆಚ್ಚು ಕುಗ್ಗುತ್ತದೆ.

ಮುಂದಿನ ಶನಿವಾರ ಮತ್ತೆ ಆಗುಂಬೆಗೆ ಹೋದೆ. ಈ ಸಲ ಒಬ್ಬನೇ. ಮಳೆ ಹಿಡಿದು ಸುರಿಯುತ್ತಿತ್ತು. ಇಳಿಯುವಾಗ ಫಾಗ್ ಲ್ಯಾಂಪ್ ಉದ್ದಕ್ಕೂ ಉರಿಯಿತು. ಸೋಮೇಶ್ವರದಲ್ಲಿ ಒಂದು ಮುಚ್ಚಿದ ಅಂಗಡಿಯ ಮಾಡಿನಡಿ ನಿಲ್ಲಿಸಿ, ಬಾನೆಟ್ ಎತ್ತಿ, ಮಾವ ಹೇಳಿದ್ದಂತೆ ವಯರನ್ನು ಬ್ಯಾಟರಿಯಿಂದ ರಿಲೇಯವರೆಗೆ ಬರಿಗೈಯಲ್ಲಿ ಮುಟ್ಟುತ್ತಾ ಹೋದೆ. ಒಂದೊಂದು ಲಗ್ಗನ್ನೂ ಬೆರಳುಗಳ ನಡುವೆ ಹಿಡಿದು ನೋಡಿದೆ. ಅಲ್ಲಿಂದಲೇ ಅವರಿಗೆ ಫೋನ್ ಮಾಡಿದೆ.

"ಮುಟ್ಟಿ ನೋಡಿದೆಯಾ?"

"ಎಲ್ಲ ತಣ್ಣಗಿದೆ, ಮಾವ."

"ಹಾರ್ನಿನ ಬುಡದಲ್ಲಿ ಆ ಅಂಗಡಿಯವರ ವಯರು ಒಂದು ಮೊಳ ಉಳಿದಿದೆ. ನಿನ್ನೆ ರಾತ್ರಿ ಮಲಗಿದಾಗ ನೆನಪಾಯಿತು. ಇಕ್ಕಳ ಹೊರಗೇ ಇಟ್ಟಿದ್ದೇನೆ, ಮನೆಗೆ ಹೋಗುವ ಮೊದಲು ಇತ್ತ ಬಂದು ಹೋಗು."