ದೀಕ್ಷಾಸ್ನಾನಕ್ಕೆ ಮೊದಲು ಕೂತು ಹಾಕಬೇಕಾದ ಲೆಕ್ಕ

ಎಲ್ಲವನ್ನೂ ಬಿಟ್ಟು ಯೇಸುವಿನ ಹಿಂದೆ ಹೋಗು ಎಂದು ಪ್ರಸಂಗ ಮಾಡುವವರಿಗೆ ಬರವಿಲ್ಲ. ಎಲ್ಲವೂ ಅಂದರೆ ಏನೇನು ಎಂದು ಬಿಡಿಸಿ ಹೇಳುವವರು ಕಡಿಮೆ. ಕರ್ತನು ಮಾತ್ರ ಈ ವಿಷಯದಲ್ಲಿ ಯಾರನ್ನೂ ಅವಸರಪಡಿಸಲಿಲ್ಲ. ಗೋಪುರ ಕಟ್ಟಿಸುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ, ಅಸ್ತಿವಾರ ಹಾಕಿ ಕೈಬಿಟ್ಟರೆ ನೋಡಿದವರು ನಗುವುದಿಲ್ಲವೇ ಎಂದು ಲೂಕ 14ರಲ್ಲಿ ಕೇಳುತ್ತಾನೆ. ನಮ್ಮ ಎಷ್ಟೋ ಸಭೆಗಳಲ್ಲಿ ಈ ಲೆಕ್ಕ ನಡೆಯುವುದೇ ಇಲ್ಲ. ಆತನು ಕೇಳದ್ದನ್ನು ಬಿಡಿಸುತ್ತೇವೆ, ಕೇಳಿದ್ದರ ಸುದ್ದಿಗೇ ಹೋಗುವುದಿಲ್ಲ.

ಮೊದಲು ಜೀವನೋಪಾಯ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಬಿಲ್ಲವರು ಹೆಚ್ಚಾಗಿ ಸಭೆ ಸೇರಿದರು. ಶೇಂದಿ ಇಳಿಸುವ ಕಸುಬು ಬಿಡಬೇಕು, ಭೂತಾರಾಧನೆ ಬಿಡಬೇಕು ಎಂದು ಮಿಷನ್ ಹೇಳಿತು. ಕಸುಬು ಹೋಯಿತು, ಗೇಣಿಗೆ ಮಾಡುತ್ತಿದ್ದ ಗದ್ದೆಯೂ ಎಷ್ಟೋ ಜನರ ಕೈತಪ್ಪಿತು. ಹೀಗೆ ಬರಿಗೈಲಿ ನಿಂತವರಿಗೆ ಕೆಲಸ ಬೇಕಿತ್ತು. ಮಂಗಳೂರಿನ ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆ ಬಂದದ್ದರ ಹಿಂದೆ ಈ ಅಗತ್ಯವೂ ಇತ್ತು. ಕಸುಬು ಬಿಡು ಎಂದ ಸಭೆ ಬದಲಿ ಕೆಲಸದ ಹೊಣೆಯನ್ನೂ ಹೊತ್ತದ್ದು ಸರಿಯಾದ ಕ್ರಮವೇ. ಆದರೆ ಕೆಲಸ, ಮನೆ, ಶಾಲೆ ಎಲ್ಲವೂ ಒಂದೇ ಕೈಯಿಂದ ಬಂದಾಗ ಆ ಕೈ ಹೋದರೆ ಕಷ್ಟ. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ಮಿಷನ್‌ನಿಂದ ಕಿತ್ತುಕೊಂಡಿತು. ಇವತ್ತು ಬಾರ್‌ನಲ್ಲೋ ಮಟ್ಕಾ ಬರೆಯುವಲ್ಲೋ ಇರುವವನಿಗೆ ಕೆಲಸ ಬಿಡು ಎನ್ನುವ ಪಾಸ್ಟರ್, ಕನಿಷ್ಠ ಮೂರು ತಿಂಗಳ ಮನೆಖರ್ಚು ಎಲ್ಲಿಂದ ಬರುತ್ತದೆ ಎಂದು ಅವನ ಜೊತೆ ಕೂತು ಬರೆಯಬೇಕು. ಇಲ್ಲದಿದ್ದರೆ ಅವನು ಎರಡನೇ ತಿಂಗಳಿಗೇ ಹಳೆಯ ಜಾಗಕ್ಕೆ ವಾಪಸ್ ಹೋಗುತ್ತಾನೆ, ಈ ಸಲ ಗುಟ್ಟಾಗಿ.

ಎರಡನೆಯದು ಜಾತಿ ಪ್ರಮಾಣಪತ್ರ. ದಲಿತ ಕುಟುಂಬಗಳಿಗೆ ಎಲ್ಲಕ್ಕಿಂತ ದುಬಾರಿ ಬೀಳುವುದು ಇದೇ. ಯಾರನ್ನು ಪರಿಶಿಷ್ಟ ಜಾತಿ ಎಂದು ಎಣಿಸಬೇಕು ಎಂದು ಹೇಳುವ 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಇಂದಿಗೂ ಹೊರಗೆ. ಸೂಸೈ ಪ್ರಕರಣ ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಕ್ರೈಸ್ತನದ್ದು. ಸರ್ಕಾರ ಚಮ್ಮಾರರಿಗೆ ಹಂಚಿದ ಪೆಟ್ಟಿಗೆ ಅಂಗಡಿ ಅವನಿಗೆ ಸಿಗಲಿಲ್ಲ, 1985ರಲ್ಲಿ ಸುಪ್ರೀಂ ಕೋರ್ಟ್ ಅವನ ಅರ್ಜಿಯನ್ನೂ ತಳ್ಳಿತು. 2024ರ ನವೆಂಬರ್‌ನಲ್ಲಿ ಅದೇ ಕೋರ್ಟ್, ದೀಕ್ಷಾಸ್ನಾನವಾಗಿ ಚರ್ಚಿಗೆ ಹೋಗುತ್ತಿದ್ದವರು ಕೆಲಸಕ್ಕಾಗಿ ಮಾತ್ರ ಪರಿಶಿಷ್ಟ ಜಾತಿ ಎನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದಿತು. ಚರ್ಚಿಗೆ ಹೋದ ಮಾತ್ರಕ್ಕೆ ಊರಿನ ಹೋಟೆಲಿನಲ್ಲಿ ಬೇರೆ ಲೋಟ ಕೊಡುವುದು ನಿಲ್ಲುವುದಿಲ್ಲ, ಹಾಗಾಗಿ ಈ ನಿಯಮವೇ ಅನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಅನ್ಯಾಯವಾದರೂ ಜಾರಿಯಲ್ಲಿರುವುದು ಅದೇ.

ಕರ್ನಾಟಕದಲ್ಲಿ ಒಂದು ಮಧ್ಯದ ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರುತ್ತಾರೆ. ಅದರ ಮೀಸಲು ಶೇ. 4, ಕೆನೆಪದರದ ಆದಾಯ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ಉಳಿದ ಕ್ರೈಸ್ತರು ಶೇ. 5ರ 3ಬಿ ಪ್ರವರ್ಗದಲ್ಲಿದ್ದಾರೆ. ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗ ಬರೀ ‘ಕ್ರೈಸ್ತ’ ಎಂದು ಬರೆಸಿದರೆ 3ಬಿ ಬರುವ ಸಾಧ್ಯತೆಯೇ ಹೆಚ್ಚು. ಮೂಲ ಜಾತಿಯ ದಾಖಲೆ ಜೊತೆಗಿಟ್ಟು ಪ್ರವರ್ಗ-1 ಎಂದೇ ಕೇಳಬೇಕು. ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ಕಟ್ಟಳೆ ಇಲ್ಲ: ಹಳಿಯಾಳ, ಯಲ್ಲಾಪುರದ ಸಿದ್ದಿಯರಲ್ಲಿ ಕ್ರೈಸ್ತರೂ ಮುಸ್ಲಿಮರೂ ಹಿಂದೂಗಳೂ ಇದ್ದಾರೆ, 2003ರಿಂದ ಅವರೆಲ್ಲ ಪರಿಶಿಷ್ಟ ಪಂಗಡದವರೇ.

ಎಡವಟ್ಟಾಗುವುದು ಎರಡೂ ಕಡೆ ಕಾಲಿಟ್ಟಾಗ. ಭಾನುವಾರ ಚರ್ಚಿಗೆ, ಸೋಮವಾರ ಹಳೆಯ ಪ್ರಮಾಣಪತ್ರ ಹಿಡಿದು ಕಚೇರಿಗೆ. ನೇಮಕಾತಿಯ ಹೊತ್ತಿಗೆ ಸಿಂಧುತ್ವ ಪ್ರಮಾಣಪತ್ರಕ್ಕಾಗಿ ಕಡತ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಗೆ ಹೋಗುತ್ತದೆ. ಅಲ್ಲಿ ಚರ್ಚಿನ ರಿಜಿಸ್ಟರಿನ ಒಂದು ಸಾಲು ಸಾಕು ಕೆಲಸ ಹೋಗಲು. ಕೆಲಸ ಹೋಗುವುದಕ್ಕಿಂತ ಕೆಟ್ಟದ್ದು, ಅಲ್ಲಿಯವರೆಗಿನ ಸುಳ್ಳನ್ನು ಮಕ್ಕಳೂ ಕಲಿತಿರುತ್ತಾರೆ. ಪೂರ್ತಿ ನಂಬಿದ್ದೂ ಲೆಕ್ಕ ಮುಗಿಯದವರು ದೀಕ್ಷಾಸ್ನಾನವನ್ನು ಮುಂದಕ್ಕೆ ಹಾಕಲಿ, ಪರವಾಗಿಲ್ಲ. ಪಾಸ್ಟರ್ ಒತ್ತಾಯಿಸಿದರೆ ಲೂಕ 14 ತೆರೆದು ತೋರಿಸಿ.

ಕರ್ನಾಟಕದ 2022ರ ಮತಾಂತರ ಕಾಯ್ದೆಯ ಪ್ರಕಾರ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು, ಆದ ಮೇಲೆ 30 ದಿನದೊಳಗೆ ಇನ್ನೊಂದು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ಬೇರೆ, ಕಾಯ್ದೆ ರದ್ದಾಗುವುದೇ ಬೇರೆ. ದಿನ ಗೊತ್ತು ಮಾಡುವ ಮೊದಲು ವಕೀಲರನ್ನು ಕೇಳಿ.

ಇನ್ನು ದುಡ್ಡು. ಯೇಸು ನೇರವಾಗಿ ಕೈ ಹಾಕಿದ್ದು ಇಲ್ಲಿಗೇ, ನಮ್ಮ ಸಭೆಗಳು ಮೆತ್ತಗಾಗುವುದೂ ಇಲ್ಲೇ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ಎಂದ. ತಾನಾಗಿ ತಪ್ಪೊಪ್ಪಿಕೊಂಡವನು ಅಸಲಿಗೆ ಐದನೇ ಒಂದು ಭಾಗ ಸೇರಿಸಿ ಕೊಟ್ಟರೆ ಮೋಶೆಯ ಧರ್ಮಶಾಸ್ತ್ರಕ್ಕೆ ಸಾಕಿತ್ತು. ಅದೇ ಶಾಸ್ತ್ರ ಕುರಿಗಳ್ಳನಿಗೆ ಹೇಳಿದ ದಂಡವನ್ನು ಅವನು ತಾನೇ ಹಾಕಿಕೊಂಡ. ಈಗ ಬಡ್ಡಿ ವ್ಯವಹಾರದವನೊಬ್ಬ ವಿಶ್ವಾಸಕ್ಕೆ ಬಂದ ಎನ್ನಿ. ಸಾಕ್ಷಿ ಹೇಳಿಸುವ ಮೊದಲು ಅವನ ಪುಸ್ತಕ ತೆಗೆಸಿ. ಹೆಸರು, ಅಸಲು, ಇಲ್ಲಿಯವರೆಗೆ ಬಂದ ಬಡ್ಡಿ, ಒತ್ತೆ ಇಟ್ಟದ್ದು ಎಂದು ನಾಲ್ಕು ಕಾಲಂ ಸಾಕು. ತಿಂಗಳಿಗೆ ನೂರಕ್ಕೆ ಐದರಂತೆ 20,000 ಕೊಟ್ಟವನಿಗೆ ತಿಂಗಳಿಗೆ 1,000 ಬರುತ್ತದೆ, ಇಪ್ಪತ್ತು ತಿಂಗಳಲ್ಲಿ ಬಡ್ಡಿಯೇ ಅಸಲನ್ನು ಮುಟ್ಟುತ್ತದೆ. ಅಲ್ಲಿಗೆ ಬಂದ ಸಾಲಗಳನ್ನು ಮೊದಲು ಮುಚ್ಚಬೇಕು. ಬಾಯಲ್ಲಿ ಬಿಟ್ಟೆ ಎಂದರೆ ಸಾಲದು. ಆನ್ ಡಿಮ್ಯಾಂಡ್ ನೋಟು (ಕೇಳಿದಾಗ ತೀರಿಸುತ್ತೇನೆ ಎಂದು ಸಾಲಗಾರ ಬರೆದುಕೊಟ್ಟ ಪತ್ರ), ಸಹಿ ಮಾಡಿಸಿಕೊಂಡ ಖಾಲಿ ಚೆಕ್ಕು, ಸೈಟಿನ ಪತ್ರ ಎಲ್ಲವನ್ನೂ ಸಾಲಗಾರರ ಕೈಗೇ ಕೊಟ್ಟು, ನೋಟಿನ ಮೇಲೆ ಅಡ್ಡಗೆರೆ ಎಳೆದು, ಸಾಲ ತೀರಿದೆ ಎಂದು ತಾರೀಖು ಹಾಕಿ ಬರೆದು ಸಹಿ ಮಾಡಬೇಕು. ಯಾಕೆಂದರೆ ನೋಟಿನ ಮೇಲೆ ಮೂರು ವರ್ಷದವರೆಗೆ ದಾವೆ ಹೂಡಬಹುದು. ಅಪ್ಪ ಕ್ಷಮಿಸಿದ್ದನ್ನು ಬೀರುವಿನಲ್ಲಿ ಕಂಡ ಮಗ ವಸೂಲಿಗೆ ಹೊರಡುತ್ತಾನೆ.

ಇಷ್ಟನ್ನು ಕೇಳದ ಕೆಲವು ಸಭೆಗಳು ಹೆಣ್ಣುಮಕ್ಕಳ ಕೊರಳಿಗೆ ಮಾತ್ರ ಕೈ ಹಾಕುತ್ತವೆ. ಗಂಡ ನಂಬದ ಮನೆಯಲ್ಲಿ ಹೆಂಡತಿ ತಾಳಿ ಬಿಚ್ಚಿಟ್ಟರೆ ಅತ್ತೆಗೆ ಕಾಣುವುದು ಭಕ್ತಿಯಲ್ಲ, ಮಗನ ಸಾವು. ತಾಳಿ ತೆಗೆ ಎಂದು ಯೇಸು ಎಲ್ಲೂ ಹೇಳಿಲ್ಲ. ನಂಬದ ಗಂಡ ಜೊತೆಗಿರಲು ಒಪ್ಪಿದರೆ ಬಿಡಬೇಡ ಎಂದು 1 ಕೊರಿಂಥ 7ರಲ್ಲಿ ಪೌಲನು ಸ್ಪಷ್ಟವಾಗಿಯೇ ಬರೆದಿದ್ದಾನೆ. ಮತಾಂತರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಒಂದು ಕಾರಣ ಎಂಬುದನ್ನೂ ಆಕೆಗೆ ಮೊದಲೇ ತಿಳಿಸಬೇಕು.

ತಂದೆತಾಯಿಯ ವಿಷಯದಲ್ಲಿ ಕೊರ್ಬಾನ್ ಪ್ರಸಂಗ ಮಾರ್ಕ 7ರಲ್ಲಿದೆ: ದೇವರಿಗೆ ಮುಡಿಪು ಎಂದು ಹೇಳಿ ಅಪ್ಪ ಅಮ್ಮನಿಗೆ ಕೊಡದವರನ್ನು ಯೇಸು ಬೈಯುತ್ತಾನೆ. ಪ್ರತಿ ತಿಂಗಳು ಅವ್ವನಿಗೆ ಕಳಿಸುತ್ತಿದ್ದ ಹಣ ದಶಮಾಂಶದ ಹೆಸರಲ್ಲಿ ಕಡಿಮೆಯಾಗಬಾರದು. ಕಗ್ಗಂಟಾಗುವುದು ಸಾವಿನ ದಿನ. ಹಿರಿಮಗನಾದವನು ತಮ್ಮನ ಜೊತೆ ಮೊದಲೇ ಮಾತಾಡಿಟ್ಟಿರಬೇಕು: ಚಟ್ಟಕ್ಕೆ ಹೆಗಲು ಕೊಡುತ್ತೇನೆ, ಖರ್ಚು ನನ್ನದು, ಹನ್ನೊಂದೂ ದಿನ ಮನೆಯಲ್ಲೇ ಇರುತ್ತೇನೆ, ಪಿಂಡ ನೀನು ಇಡು. ಹೆಣದ ಮುಂದೆ ನಿಂತು ಇದನ್ನು ಮೊದಲ ಸಲ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ.

ಆಸ್ತಿಯ ಬಗ್ಗೆ ಊರಲ್ಲಿ ಹೇಳುವುದಕ್ಕೂ ಕಾನೂನಿಗೂ ವ್ಯತ್ಯಾಸವಿದೆ. ಮತ ಬದಲಿಸಿದವನ ಪಾಲು ಹೋಗುವುದಿಲ್ಲ, 1850ರಷ್ಟು ಹಿಂದೆಯೇ ಕಾನೂನು ಅದನ್ನು ಕಾದಿತ್ತು. ತೊಂದರೆ ಮುಂದಿನ ತಲೆಮಾರಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನಂತೆ, ಮತಾಂತರದ ನಂತರ ಹುಟ್ಟಿದ ಮಕ್ಕಳು ಹಿಂದೂ ಸಂಬಂಧಿಕರಿಗೆ ವಾರಸುದಾರರಾಗುವುದಿಲ್ಲ, ಆಸ್ತಿ ಬರುವ ಹೊತ್ತಿಗೆ ಅವರೇ ಹಿಂದೂಗಳಾಗಿದ್ದರೆ ಮಾತು ಬೇರೆ. ಮೊದಲೇ ಹುಟ್ಟಿದ ಮಕ್ಕಳಿಗೆ ಈ ಅಡ್ಡಿಯಿಲ್ಲ. ಅಜ್ಜ ಅಜ್ಜಿ ಉಯಿಲು ಬರೆದಿಟ್ಟರೆ ಎಲ್ಲ ಮೊಮ್ಮಕ್ಕಳಿಗೂ ಸಲ್ಲುತ್ತದೆ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಬಿಡಿ, ಅದೂ ಮನೆಯಲ್ಲಿ ಎಲ್ಲರೂ ಇನ್ನೂ ಮಾತಾಡುತ್ತಿರುವಾಗಲೇ.