ಹಾಟ್ ಯಾಯ್: ಗಡಿಯ ಗಡಿಯಾರಕ್ಕೆ ನಡೆಯುವ ಊರು

ದಕ್ಷಿಣ ಥಾಯ್ಲೆಂಡಿನ ಹಾಟ್ ಯಾಯ್‌ಗೆ ಟಿಕೆಟ್ ಮಾಡಿಸುವ ಮುನ್ನ ಮಲೇಷ್ಯಾದ ಕ್ಯಾಲೆಂಡರ್ ತೆಗೆದು ನೋಡಿ. ಗಡಿ ಈ ಊರಿಂದ ಸುಮಾರು ಅರವತ್ತು ಕಿಲೋಮೀಟರ್. ಆಚೆಯ ಕೆಡಾ, ಪೆರ್ಲಿಸ್, ಪೆನಾಂಗ್ ರಾಜ್ಯಗಳ ಜನ ರಜೆ ಸಿಕ್ಕರೆ ಊಟಕ್ಕೆ, ಮಸಾಜಿಗೆ, ಖರೀದಿಗೆ ಇಲ್ಲಿಗೇ ಬರುತ್ತಾರೆ. ಕೆಡಾದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಪೆನಾಂಗಿನಲ್ಲಿ ಶನಿವಾರ ಮತ್ತು ಭಾನುವಾರ. ಹೀಗಾಗಿ ಗುರುವಾರ ಸಂಜೆಯಿಂದಲೇ ಗಡಿಯಲ್ಲಿ ಕಾರುಗಳ ಸಾಲು ಬೆಳೆಯತೊಡಗುತ್ತದೆ, ಭಾನುವಾರ ರಾತ್ರಿಯವರೆಗೂ ಊರು ತುಂಬಿರುತ್ತದೆ. ಮಲೇಷ್ಯಾದ ಶಾಲಾ ರಜೆ, ಚೀನೀ ಹೊಸ ವರ್ಷ, ಏಪ್ರಿಲ್ ನಡುವಿನ ಥಾಯ್ ಹೊಸ ವರ್ಷ ಸೋಂಗ್‌ಕ್ರಾನ್ ಬಂದರಂತೂ ಹೋಟೆಲ್ ಕೋಣೆಯ ಬಾಡಿಗೆ ಏರುತ್ತದೆ. ಸೋಮವಾರದಿಂದ ಬುಧವಾರದವರೆಗಿನ ದಿನಗಳೇ ನನ್ನ ಆಯ್ಕೆ. ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುತ್ತದೆ, ಚೌಕಾಸಿಗೂ ಜಾಗವಿರುತ್ತದೆ.

ಊರು ಹುಟ್ಟಿದ್ದೇ ರೈಲಿನಿಂದ. ಹತ್ತಿರದ ಊ ತಪಾವ್ ನಿಲ್ದಾಣಕ್ಕೆ ನೆರೆ ನುಗ್ಗುತ್ತಿತ್ತೆಂದು ರೈಲ್ವೆ ಜಂಕ್ಷನನ್ನು ಇಲ್ಲಿಗೆ ತಂದರು. ಚೀನಾದಿಂದ ಬಂದು ಹಳಿ ಹಾಕುವ ಕೆಲಸದಲ್ಲಿದ್ದ ಹಕ್ಕಾ ಸಮುದಾಯದ ಜಿಯಾ ಕಿ ಸಿ ಎಂಬಾತ ಸುತ್ತಲಿನ ಜಮೀನು ಕೊಂಡು ಬೀದಿಗಳನ್ನು ಮಾಡಿಸಿದ. ಮುಂದೆ ಆತನಿಗೆ ಖುನ್ ನಿಫತ್ ಚೀನ್ ನಖೋನ್ ಎಂಬ ಬಿರುದು ಬಂತು. ಪೇಟೆಯ ಮೂರು ಮುಖ್ಯ ಬೀದಿಗಳು ಇಂದಿಗೂ ನಿಫತ್ ಉಥಿತ್ 1, 2, 3. ಸ್ಥಳೀಯರ ಬಾಯಲ್ಲಿ ಅವು 'ಸಾಯ್ ನುಂಗ್, ಸಾಯ್ ಸೋಂಗ್, ಸಾಯ್ ಸಾಮ್', ಅಂದರೆ ಒಂದು, ಎರಡು, ಮೂರನೇ ಸಾಲು. ಮೂರೂ ಹಳಿಗೆ ಸಮಾನಾಂತರವಾಗಿವೆ. ನಿಲ್ದಾಣದ ಎದುರಿಂದ ಹೊರಡುವ ಥಮ್ಮನೂನ್ ವಿಥಿ ರಸ್ತೆ ಅವನ್ನು ಅಡ್ಡ ಹಾಯುತ್ತದೆ. ಇಷ್ಟು ತಲೆಯಲ್ಲಿದ್ದರೆ ಹಳೇಪೇಟೆಯಲ್ಲಿ ದಾರಿ ತಪ್ಪುವುದಿಲ್ಲ.

ಬರುವುದಕ್ಕೂ ರೈಲೇ ಚೆಂದ. ಕ್ವಾಲಾಲಂಪುರದಿಂದ ಇಟಿಎಸ್ ಎಂಬ ವೇಗದ ವಿದ್ಯುತ್ ರೈಲು, ಪೆನಾಂಗಿನ ಬಟರ್‌ವರ್ತ್‌ನಿಂದ ಕೊಮ್ಯೂಟರ್ ಎಂಬ ಲೋಕಲ್ ಗಾಡಿ ಗಡಿಯ ಊರು ಪಡಾಂಗ್ ಬೆಸಾರ್‌ವರೆಗೆ ಬರುತ್ತವೆ. ಅಲ್ಲಿ ಎರಡೂ ದೇಶಗಳ ವಲಸೆ ತಪಾಸಣೆ ಒಂದೇ ನಿಲ್ದಾಣದ ಒಳಗಿದೆ. ಮಲೇಷ್ಯಾದ ಕೌಂಟರಿನಲ್ಲಿ ನಿರ್ಗಮನದ ಮುದ್ರೆ, ನಾಲ್ಕು ಹೆಜ್ಜೆ ಮುಂದೆ ಥಾಯ್ ಕೌಂಟರಿನಲ್ಲಿ ಪ್ರವೇಶದ ಮುದ್ರೆ, ಆಮೇಲೆ ಹಾಟ್ ಯಾಯ್‌ಗೆ ಥಾಯ್ ರೈಲ್ವೆಯ ಶಟಲ್ ಗಾಡಿ. ಟಿಕೆಟ್ 50 ಬಾಟ್, ಪ್ರಯಾಣ ಒಂದು ಗಂಟೆಯೊಳಗೆ.

ಎಡವಟ್ಟಾಗುವುದು ಗಡಿಯಾರದಲ್ಲಿ. ಮಲೇಷ್ಯಾದ ಸಮಯ ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದೆ. ಶಟಲ್ಲಿನ ವೇಳಾಪಟ್ಟಿ ಕೆಲವು ಕಡೆ ಥಾಯ್ ಸಮಯದಲ್ಲಿ, ಕೆಲವು ಕಡೆ ಮಲೇಷ್ಯಾ ಸಮಯದಲ್ಲಿ ಬರೆದಿರುತ್ತದೆ. ಗಡಿಯ ಬಳಿ ಫೋನು ಯಾವ ಟವರ್ ಹಿಡಿದಿದೆಯೋ ಅದರ ಸಮಯ ತೋರಿಸುತ್ತದೆ. ಶಟಲ್ ಇರುವುದು ದಿನಕ್ಕೆ ಎರಡೇ ಬಾರಿ, ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಆಗ ಟ್ಯಾಕ್ಸಿ ಹಿಡಿದು ರಸ್ತೆಯ ತಪಾಸಣಾ ಠಾಣೆಗೆ ಹೋಗಿ, ಗಡಿ ದಾಟಿ, ಆಚೆ ಮಿನಿವ್ಯಾನ್ ಹತ್ತಬೇಕು. ಕೊಮ್ಯೂಟರ್ ತಡವಾಗುವುದೂ ಉಂಟು, ನಡುವೆ ಒಂದು ಗಂಟೆಯಾದರೂ ಬಿಡುವಿಟ್ಟುಕೊಳ್ಳಿ. ಥಾಯ್ ಹಣ ಬಾಟ್ ಚಿಲ್ಲರೆಯಾಗಿ ಜೇಬಿನಲ್ಲಿರಲಿ. ಕಾರು, ಬಸ್ಸುಗಳ ದೊಡ್ಡ ದಾರಿ ಮಲೇಷ್ಯಾದ ಬುಕಿತ್ ಕಾಯು ಹಿತಾಮ್‌ನಿಂದ ಥಾಯ್ಲೆಂಡಿನ ಸಡಾವ್‌ಗೆ. ವಾರಾಂತ್ಯದಲ್ಲಿ ಅಲ್ಲಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಯಾವ ದಾರಿಯಾದರೂ ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡ್ ಬೇಕು. 2025ರ ಮೇ 1ರಿಂದ ಇದು ಕಡ್ಡಾಯ. ಗಡಿ ದಾಟುವ ಮೂರು ದಿನದೊಳಗೆ ಸರ್ಕಾರದ ಜಾಲತಾಣದಲ್ಲಿ ತುಂಬಬೇಕು, ಶುಲ್ಕವಿಲ್ಲ. ಹಣ ಕೇಳುವ ತಾಣ ಸಿಕ್ಕರೆ ಅದು ದಲ್ಲಾಳಿಯದು, ಮುಚ್ಚಿಬಿಡಿ.

ಊರೊಳಗೆ ಮೊದಲ ಬೆಳಗನ್ನು ಕಿಮ್ ಯೋಂಗ್ ಮಾರುಕಟ್ಟೆಗೆ ಕೊಡಿ, ನಿಲ್ದಾಣದಿಂದ ನಡೆದೇ ಹೋಗಬಹುದು. ಗೋಡಂಬಿ, ಪಿಸ್ತಾ, ಮರಳಿನಲ್ಲಿ ಹುರಿದ ಚೆಸ್ಟ್‌ನಟ್, ಒಣಹಣ್ಣು, ಒಣ ಸ್ಕ್ವಿಡ್, ಗಡಿಯಾಚೆಯ ಬಿಸ್ಕತ್ತು, ಚಾಕೊಲೇಟು. ಒಂದೇ ಅಂಗಡಿಯಲ್ಲಿ ಥಾಯ್, ಮಲಯ್, ಮ್ಯಾಂಡರಿನ್ ಮೂರರಲ್ಲೂ ವ್ಯಾಪಾರ ನಡೆಯುತ್ತದೆ. ಹಿರಿಯರು ಹೊಕ್ಕಿಯೆನ್, ತಿಯೊಚಿಯು ಎಂಬ ಚೀನೀ ಭಾಷೆಗಳನ್ನೂ ಆಡುತ್ತಾರೆ. ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ಹಲಗೆಯ ಮೇಲಿನ ದರ ಎಷ್ಟೋ ಸಲ ಕಿಲೋಗ್ರಾಮಿನದಲ್ಲ, 'ಖೀತ್'ನದು. ಒಂದು ಖೀತ್ ಎಂದರೆ 100 ಗ್ರಾಂ. ಕಿಲೋದ ದರವೆಂದುಕೊಂಡು ಎರಡು ಕಿಲೋ ತೂಗಿಸಿದರೆ ಬಿಲ್ಲು ಹತ್ತುಪಟ್ಟು. ಬೆರಳು ತೋರಿಸಿ ಅಳತೆ ಕೇಳಿ, ಕ್ಯಾಲ್ಕುಲೇಟರಿನಲ್ಲಿ ಒಟ್ಟು ಬೆಲೆ ತೋರಿಸಲಿ, ಆಮೇಲೆ ತೂಗಿಸಿ. ರುಚಿ ನೋಡಲು ಸಂಕೋಚ ಬೇಡ. ಹಳೆಯ ಗೋಡಂಬಿಯ ಕನರು ನಾಲಿಗೆಗೆ ಬೇಗ ತಿಳಿಯುತ್ತದೆ. ಮಲೇಷ್ಯಾದ ಹಣ ರಿಂಗಿಟ್ ತೆಗೆದುಕೊಳ್ಳುವ ಅಂಗಡಿಗಳು ಬಹಳ, ಆದರೆ ವಿನಿಮಯದ ದರ ಅವರದೇ. ಪೇಟೆಯ ಹಣ ವಿನಿಮಯದ ಅಂಗಡಿಯಲ್ಲಿ ಬಾಟ್ ಮಾಡಿಸಿಕೊಳ್ಳುವುದೇ ಲಾಭ.

ಊಟದಲ್ಲಿ ಈ ಊರಿನ ಎಲ್ಲ ಜನರೂ ಕಾಣುತ್ತಾರೆ. ಬೆಳಿಗ್ಗೆ ಚೀನೀ ಅಂಗಡಿಗಳಲ್ಲಿ ಡಿಮ್ ಸಮ್, ಜೊತೆಗೆ ಬಕುತ್ತೆ ಎಂಬ ಹಂದಿಮಾಂಸದ ಸಾರು. ತಡವಾಗಿ ಹೋದರೆ ಒಳ್ಳೆಯ ತಟ್ಟೆಗಳು ಖಾಲಿ. ಮುಸ್ಲಿಂ ಅಂಗಡಿಗಳಲ್ಲಿ ರೋಟಿ, ಎತ್ತರದಿಂದ ಎಳೆದು ನೊರೆ ಬರಿಸಿದ ಚಹಾ, ಅರಿಶಿನದ ಖಾವ್ ಮೋಕ್ ಅನ್ನ. ಊರಿನ ಹೆಸರನ್ನೇ ಹೊತ್ತ ಕೋಳಿ ಹುರಿತ, ಕಾಯ್ ಥೋತ್ ಹಾಟ್ ಯಾಯ್, ಅಕ್ಕಿಹಿಟ್ಟು ಹಚ್ಚಿ ಕರಿದದ್ದು. ಮೇಲೆ ಗರಿಗರಿ ಸಣ್ಣೀರುಳ್ಳಿ, ಪಕ್ಕದಲ್ಲಿ ಅಂಟು ಅನ್ನ. ಮಾಂಸ ತಿನ್ನದವರು ಹಳದಿ ಬಾವುಟದಲ್ಲಿ ಕೆಂಪಕ್ಷರದ 'ಜೇ' ಗುರುತು ಹುಡುಕಲಿ. ಅಲ್ಲಿ ಮೀನಿನ ಸಾಸ್, ಮೊಟ್ಟೆ, ಬೆಳ್ಳುಳ್ಳಿ, ಈರುಳ್ಳಿ ಯಾವುದೂ ಇರುವುದಿಲ್ಲ. ಬೇರೆ ಕಡೆ ಬರಿ 'ಮಾಂಸ ಬೇಡ' ಎಂದರೆ ಮೀನಿನ ಸಾಸ್ ಬಂದೇ ಬರುತ್ತದೆ. ಸೊಪ್ಪು ಹೆಚ್ಚಿ ಕಲಸಿದ ಖಾವ್ ಯಾಮ್ ನೋಡಲು ಸಸ್ಯಾಹಾರ, ಆದರೆ ಅದರ ರಸ ಬುಡು ಎಂಬ ಹುದುಗಿಸಿದ ಮೀನಿನದು.

ನೋಡುವ ಜಾಗಗಳು ಒಂದು ದಿನಕ್ಕೆ ಸಾಕು: ವಾಟ್ ಹಾಟ್ ಯಾಯ್ ನಾಯ್‌ನ 35 ಮೀಟರ್ ಉದ್ದದ ಮಲಗಿದ ಬುದ್ಧ, ಗುಡ್ಡದ ನಗರೋದ್ಯಾನದಲ್ಲಿ ನಿಂತ ಬುದ್ಧ, ಚೀನೀಯರ ಕರುಣೆಯ ದೇವತೆ ಗುವಾನ್ ಯಿನ್ ಮತ್ತು ಬ್ರಹ್ಮನ ಗುಡಿ, ಸಂಜೆಗೆ ಉದ್ದನೆಯ ಕೊಳದ ಎದುರಿನ ಸೋಂಗ್‌ಖ್ಲಾ ಕೇಂದ್ರ ಮಸೀದಿ. ಖ್ಲೋಂಗ್ ಹೇ ತೇಲುವ ಸಂತೆ ವಾರಾಂತ್ಯದ ಸಂಜೆಗಳದ್ದು. ಟುಕ್‌ಟುಕ್ ಹತ್ತುವ ಮೊದಲೇ ಬಾಡಿಗೆ ಮಾತಾಡಿ.

ಮಳೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಜೋರು ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದ್ದು. ಊರು ಬಟ್ಟಲಿನಂಥ ತಗ್ಗಿನಲ್ಲಿದೆ. ಸಡಾವ್ ಕಡೆಯ ಬೆಟ್ಟಗಳ ನೀರು ಊ ತಪಾವ್ ಕಾಲುವೆಯಲ್ಲಿ ಊರನ್ನು ಹಾದು ಸೋಂಗ್‌ಖ್ಲಾ ಸರೋವರ ಸೇರಬೇಕು. ಸರೋವರ ತುಂಬಿದ್ದರೆ ನೀರು ಊರಲ್ಲೇ ನಿಲ್ಲುತ್ತದೆ. ಬಳಸುಗಾಲುವೆ ತೋಡಿದ್ದರೂ 2000, 2010, 2025ರ ನವೆಂಬರ್‌ಗಳಲ್ಲಿ ಪೇಟೆ ಮುಳುಗಿತು. ಹಾಟ್ ಯಾಯ್‌ನಲ್ಲಿ ಬಿಸಿಲಿದ್ದರೂ ಸಡಾವ್‌ನಲ್ಲಿ ಎಡೆಬಿಡದೆ ಸುರಿಯುತ್ತಿದ್ದರೆ ಹೊರಟುಬಿಡುವುದು ಜಾಣತನ. ಫೆಬ್ರುವರಿ, ಮಾರ್ಚ್ ಒಳ್ಳೆಯ ತಿಂಗಳುಗಳು.

ಪ್ರಯಾಣ ವಿಮೆಯ ಷರತ್ತನ್ನೂ ಓದಿ. ಹಾಟ್ ಯಾಯ್ ಇರುವ ಸೋಂಗ್‌ಖ್ಲಾ ಪ್ರಾಂತ್ಯದ ಚನಾ, ಥೇಪಾ, ನಾ ಥವಿ, ಸಬಾ ಯೋಯ್ ತಾಲ್ಲೂಕುಗಳು ದಕ್ಷಿಣದ ಸಶಸ್ತ್ರ ಸಂಘರ್ಷದ ವಲಯದಲ್ಲಿವೆ. 2012ರಲ್ಲಿ ಹಾಟ್ ಯಾಯ್ ಪೇಟೆಯ ನಡುವೆಯೇ ಬಾಂಬ್ ಸಿಡಿದಿತ್ತು. ಕೆಲವು ವಿಮೆಗಳು ಇಡೀ ಪ್ರಾಂತ್ಯವನ್ನೇ ಹೊರಗಿಡಬಹುದು.

ಮಲೇಷ್ಯಾಕ್ಕೆ ಮರಳುವಾಗ ಚೀಲವನ್ನು ಇನ್ನೊಮ್ಮೆ ತೆರೆದು ನೋಡಿ. ಥಾಯ್ ಬೀದಿಯಲ್ಲಿ ಗಾಂಜಾ ಎಲೆಯ ಚಿತ್ರದ ಅಂಗಡಿಗಳು ಕಾಣುತ್ತವೆ. ಮಿಠಾಯಿ, ಎಣ್ಣೆ, ಚಹಾಪುಡಿಯಲ್ಲೂ ಅದು ಇರಬಹುದು. ಗಡಿಯ ಆಚೆ ಅದೇ ಪೊಟ್ಟಣ ಜೈಲಿನ ದಾರಿ, ಪ್ರಮಾಣ ಹೆಚ್ಚಿದ್ದರೆ ಮರಣದಂಡನೆಯವರೆಗೂ ಹೋಗಬಲ್ಲ ಅಪರಾಧ. ಲೇಬಲ್ ಓದಲಾಗದ ತಿಂಡಿ ಇದ್ದರೆ ಹಾಟ್ ಯಾಯ್‌ನಲ್ಲೇ ಬಿಟ್ಟುಬನ್ನಿ.