ಅಗತ್ತಿಯಿಂದ ಪೋರ್ಟ್ ಬ್ಲೇರಿಗೆ ಎಷ್ಟು ದೂರ?

ಭಾವನಿಗೆ ಅಗತ್ತಿಯಿಂದ ಪೋರ್ಟ್ ಬ್ಲೇರಿಗೆ ವರ್ಗವಾಯಿತು. ಲಕ್ಷದ್ವೀಪದಿಂದ ಅಂಡಮಾನಿಗೆ! ಕೇಂದ್ರ ಸರ್ಕಾರದ ನೌಕರಿ ಅಂದಮೇಲೆ ಇದೆಲ್ಲ ಇದ್ದದ್ದೇ. ಅಕ್ಕ ಫೋನ್ ಮಾಡಿ, "ಎಷ್ಟು ದೂರ ಆಗತ್ತೋ? ವಿಮಾನದಲ್ಲಿ ಎಷ್ಟು ಹೊತ್ತು?" ಅಂದಳು. ಹೈಸ್ಕೂಲಿನಲ್ಲಿ ಗಣಿತ ಹೇಳುವವನಿಗೆ ಇಂಥ ಪ್ರಶ್ನೆ ಸಿಕ್ಕರೆ ಆ ಭಾನುವಾರ ಮುಗಿದಂತೆಯೇ.

ಅಗತ್ತಿ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 10.82, ಪೂರ್ವ ರೇಖಾಂಶ 72.18ರಲ್ಲಿ. ಪೋರ್ಟ್ ಬ್ಲೇರಿನದು 11.64 ಮತ್ತು 92.73. ಅಕ್ಷಾಂಶದಲ್ಲಿ ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ. ದೂರವೆಲ್ಲ ರೇಖಾಂಶದ 20.55 ಡಿಗ್ರಿಯದ್ದೇ. ಭೂಮಧ್ಯರೇಖೆಯ ಮೇಲಾದರೆ ಡಿಗ್ರಿಗೆ 111 ಕಿ.ಮೀ. ಚಿಲ್ಲರೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒತ್ತೊತ್ತಾಗುತ್ತವೆ, ಹಾಗಾಗಿ ಅಕ್ಷಾಂಶದ ಕಾಸ್ (ತ್ರಿಕೋನಮಿತಿಯ ಕೊಸೈನ್) ಬೆಲೆಯಿಂದ, ಇಲ್ಲಿ 0.98ರಿಂದ, ಗುಣಿಸಬೇಕು. ಉತ್ತರ ಸುಮಾರು 2,240 ಕಿ.ಮೀ.

ಅಷ್ಟಕ್ಕೇ ಬಿಡದೆ ಎರಡನ್ನೂ ಸೇರಿಸುವ ನೇರ ಗೆರೆ ಯಾವ ಊರುಗಳ ಮೇಲೆ ಹಾಯುತ್ತದೆ ಅಂತಲೂ ಲೆಕ್ಕ ಹಾಕಿದೆ. ಕೋಯಿಕ್ಕೋಡ್ ವಿಮಾನ ನಿಲ್ದಾಣದ ಪಕ್ಕದಲ್ಲೇ ನೆಲ ಮುಟ್ಟಿ, ಕೊಯಮತ್ತೂರನ್ನು ಸವರಿಕೊಂಡು, ನಾಮಕ್ಕಲ್ ಮೇಲೆ ಹಾದು, ಚಿದಂಬರಂ ಮತ್ತು ಸೀರ್ಕಾಳಿಯ ನಡುವೆ ಮತ್ತೆ ಕಡಲಿಗಿಳಿಯುತ್ತದೆ.

ಜೆಟ್ ವಿಮಾನ ಗಂಟೆಗೆ 830 ಕಿ.ಮೀ. ಹೋಗುತ್ತದೆ ಅಂತಿಟ್ಟುಕೊಂಡು, ಏರಿಳಿತಕ್ಕೆ ಅರ್ಧ ಗಂಟೆ ಸೇರಿಸಿದರೆ ಮೂರೂಕಾಲು ಗಂಟೆಯೊಳಗಿನ ದಾರಿ. ಆದರೆ ಅಂಥ ಜೆಟ್ ಅಗತ್ತಿಯಲ್ಲಿ ಇಳಿಯಬೇಕಲ್ಲ! ಅಲ್ಲಿನ ರನ್‌ವೇ 1,200 ಮೀಟರ್, ಎರಡೂ ತುದಿಗೆ ಸಮುದ್ರ. ಅಲ್ಲಿಗೆ ಬರುವುದು ರೆಕ್ಕೆಗೆ ಫ್ಯಾನ್ ಹಚ್ಚಿದ ಎಟಿಆರ್ ಅನ್ನುವ ಚಿಕ್ಕ ವಿಮಾನ. ಅದು ಜನ ತುಂಬಿಕೊಂಡು ಒಂದೇ ಉಸಿರಿಗೆ ಹಾರಬಲ್ಲದ್ದು ಹೆಚ್ಚುಕಮ್ಮಿ 1,500 ಕಿ.ಮೀ. ಕಂಪ್ಯೂಟರಿನಲ್ಲಿ ಎರಡು ಊರಿನ ಹೆಸರು ಒತ್ತಿದರೆ ದೂರ, ಹೊತ್ತು ಎರಡೂ ಥಟ್ಟನೆ ಬರುತ್ತವೆ. ರನ್‌ವೇ ಎಷ್ಟು ಉದ್ದ ಅಂತ ಅದು ಕೇಳುವುದೇ ಇಲ್ಲ.

ಅಗತ್ತಿಗೆ ಬೆಂಗಳೂರಿನಿಂದ ವಿಮಾನ ಶುರುವಾಗಿದ್ದು 2024ರಲ್ಲಿ. ಅಲ್ಲಿಂದ ಬೆಂಗಳೂರಿಗೆ 657 ಕಿ.ಮೀ., ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ 1,640. ಕೂಡಿಸಿದರೆ ನೇರ ಗೆರೆಗಿಂತ ಐವತ್ತು ಚಿಲ್ಲರೆ ಕಿಲೋಮೀಟರ್ ಮಾತ್ರ ಜಾಸ್ತಿ! ನಕ್ಷೆ ನೋಡಿದರೆ ದೊಡ್ಡ ಸುತ್ತು ಅನ್ನಿಸುತ್ತದೆ, ಅಲ್ಲವೇ ಅಲ್ಲ. ಎಟಿಆರ್‌ನಲ್ಲಿ ಒಂದೂಮುಕ್ಕಾಲು ಗಂಟೆ, ಜೆಟ್‌ನಲ್ಲಿ ಎರಡೂವರೆ. ನಡುವೆ ನಮ್ಮ ಮನೆಯಲ್ಲಿ ಒಂದು ರಾತ್ರಿ. ಅಕ್ಕನಿಗೆ ಬೇಕಿದ್ದದ್ದೂ ಅದೇ.

ಹೊರಟದ್ದು ಜುಲೈಯಲ್ಲಿ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ, ತೀರಾ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಕೆಳಗೆ ನಮಗೆ ಮಳೆ ತರುವ ನೈಋತ್ಯ ಮಾರುತಕ್ಕೆ ಅದು ಪೂರಾ ಉಲ್ಟಾ. ಅಂಡಮಾನಿಗೆ ಹೋಗುವ ವಿಮಾನಕ್ಕೆ ಅದು ಎದುರುಗಾಳಿ, ಹತ್ತು ಹದಿನೈದು ನಿಮಿಷ ಹೆಚ್ಚೇ ಹಿಡಿಯಬಹುದು ಅಂತ ಸೋದರಳಿಯನಿಗೆ ಹೇಳಿ ಕಳಿಸಿದ್ದೆ. ಅವನು ವಿಮಾನ ಮೇಲೆದ್ದ ಹೊತ್ತು, ಇಳಿದ ಹೊತ್ತು ಎರಡನ್ನೂ ಬೋರ್ಡಿಂಗ್ ಪಾಸಿನ ಹಿಂದೆ ಪೆನ್ನಿನಲ್ಲಿ ಬರೆದು ಫೋಟೋ ಕಳಿಸಿದ. ಹನ್ನೆರಡು ನಿಮಿಷ ಹೆಚ್ಚಾಗಿತ್ತು.

ಅಕ್ಕನದು ಬೇರೆಯೇ ದೂರು. ಗಡಿಯಾರ ಎರಡೂ ಕಡೆ ಒಂದೇ, ಆದರೆ ಅಗತ್ತಿಯಲ್ಲಿ ಏಳು ಗಂಟೆಗೆ ಮುಳುಗುತ್ತಿದ್ದ ಸೂರ್ಯ ಇಲ್ಲಿ ಆರರೊಳಗೇ ಮುಳುಗುತ್ತಾನೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 82 ನಿಮಿಷ ಅಂತ ಬಿಡಿಸಿ ಹೇಳಹೊರಟೆ.

"ಲೆಕ್ಕ ನೀನೇ ಇಟ್ಕೋ ಮಾರಾಯ. ಬೆಳಗ್ಗೆ ಐದಕ್ಕೇ ಬಿಸಿಲು ಅಂತ ಮಕ್ಕಳು ಎದ್ದು ಕೂರ್ತಾವೆ, ದಪ್ಪ ಪರದೆ ಎಲ್ಲಿ ಸಿಗತ್ತೆ ಹೇಳು" ಅಂದಳು.